1967ರ ಮಸ್ಟ್ಯಾಂಗ್: ಗ್ರೈಂಡರ್ ಎತ್ತೋ ಮೊದಲು ಒಂದು ಚೊಂಬು ನೀರು

[ಗ್ಯಾರೇಜ್ ಬಾಗಿಲು ಮೇಲೇಳುತ್ತದೆ. ಒಳಗೆ ನಾಲ್ಕು ಸ್ಟ್ಯಾಂಡ್ ಮೇಲೆ ಒಂದು ಕಾರು. ಬಣ್ಣ ಯಾವುದು ಅಂತ ಹೇಳೋದು ಕಷ್ಟ.]

ನಮಸ್ಕಾರ. ಇದು 1967ರ ಫೋರ್ಡ್ ಮಸ್ಟ್ಯಾಂಗ್. ಹಾರ್ಡ್‌ಟಾಪ್, ಅಂದ್ರೆ ಗಟ್ಟಿ ಮೇಲ್ಛಾವಣಿಯದ್ದು. 289 ಘನ ಇಂಚಿನ ವಿ-8, ಅಂದ್ರೆ ಎಂಟು ಸಿಲಿಂಡರ್ ಎಂಜಿನ್, ನಮ್ಮ ಲೆಕ್ಕದಲ್ಲಿ 4.7 ಲೀಟರ್. ಇಲ್ಲೇ ಅಮೆರಿಕದ ಮಿಷಿಗನ್ನಿನ ಹಳ್ಳಿ ಕಡೆ ಒಂದು ಕೊಟ್ಟಿಗೇಲಿ ವರ್ಷಗಟ್ಟಲೆ ಮಲಗಿತ್ತು. ಟ್ರೇಲರ್ ಮೇಲೆ ಮನೆಗೆ ತಂದ ದಿನ ನನ್ನ ಹೆಂಡತಿ ಒಂದು ಸುತ್ತು ಹಾಕಿ ನೋಡಿ ಕೇಳಿದ್ದು ಒಂದೇ ಮಾತು: "ನೀವು ದುಡ್ಡು ಕೊಟ್ಟು ತಂದ್ರಾ, ಇಲ್ಲ ಅವರೇ ದುಡ್ಡು ಕೊಟ್ಟು ಕಳಿಸಿದ್ರಾ?"

ಶಾಸ್ತ್ರ ಬಲ್ಲವರು ಜಗಳಕ್ಕೆ ಬರೋ ಮುಂಚೆ ನಾನೇ ಒಪ್ಕೊಂಡ್ಬಿಡ್ತೀನಿ: ಇದು ಲೆಕ್ಕಕ್ಕೆ 'ಮಸಲ್ ಕಾರ್' ಅಲ್ಲ. ಮಸಲ್ ಕಾರ್ ಅಂದ್ರೆ 1964ರ ಪಾಂಟಿಯಾಕ್ ಜಿಟಿಓ ಥರದ್ದು: ಮಧ್ಯಮ ಗಾತ್ರದ ಕಾರಿಗೆ 6.4 ಲೀಟರಿನ ದೊಡ್ಡ ಎಂಜಿನ್ ತುರುಕಿದ್ದು. ಮಸ್ಟ್ಯಾಂಗ್ ಅದಕ್ಕಿಂತ ಚಿಕ್ಕದು. ಅದನ್ನ 'ಪೋನಿ ಕಾರ್' ಅಂತಾರೆ, ಆ ಹೆಸರು ಹುಟ್ಟಿದ್ದೇ ಇದರಿಂದ. ಆದ್ರೂ ಹಳೇ ಕಾರ್ ರಿಪೇರಿಗೆ ಮೊದಲ ಸಲ ಕೈ ಹಾಕೋರಿಗೆ ನಾನು ಹೇಳೋದು ಇದನ್ನೇ. 1967 ಒಂದೇ ವರ್ಷಕ್ಕೆ 4.7 ಲಕ್ಷಕ್ಕೂ ಹೆಚ್ಚು ಮಸ್ಟ್ಯಾಂಗ್ ತಯಾರಾದ್ವು. ಹಾಗಾಗಿ ಇವತ್ತಿಗೂ ಇದರ ಹೆಚ್ಚುಕಡಿಮೆ ಪ್ರತಿ ತಗಡೂ ಹೊಸದಾಗಿ ಸಿಗುತ್ತೆ. ಬಾಗಿಲು, ಮುಂದಿನ ಚಕ್ರದ ಮೇಲಿನ ತಗಡು ಅಂದ್ರೆ ಫೆಂಡರ್, ತಳದ ತಗಡು, ಬೇಕಿದ್ರೆ ಪೂರ್ತಿ ಬಾಡಿನೇ. ಅಪರೂಪದ ಕಾರ್ ತಗೊಂಡ್ರೆ ಒಂದು ಬಾಗಿಲ ಹಿಡಿಗೆ ಆರು ತಿಂಗಳು ಅಲೀಬೇಕಾಗುತ್ತೆ.

[ಬಾನೆಟ್ ಎತ್ತಿದೆ. ಡ್ರೈವರ್ ಕಡೆ ಫೆಂಡರ್ ಅಂಚಿನ ಹತ್ತಿರಕ್ಕೆ ಕ್ಯಾಮೆರಾ.]

ತಗೊಳ್ಳೋ ಮುಂಚೆ ಈ ನಂಬರ್ ಓದಿ. ಇಲ್ಲಿ, ಫೆಂಡರ್ ಒಳಗಿನ ತಗಡಿನ ಮೇಲೆ ಹೊಡೆದಿರೋದು. 7F01C. ಏಳು ಅಂದ್ರೆ 1967. ಎಫ್ ಅಂದ್ರೆ ಡಿಯರ್‌ಬಾರ್ನ್ ಕಾರ್ಖಾನೆ. ಆರ್ ಇದ್ರೆ ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆ, ಟಿ ಇದ್ರೆ ನ್ಯೂಜೆರ್ಸಿಯ ಮೆಟುಚೆನ್. 01 ಹಾರ್ಡ್‌ಟಾಪ್. ಕೊನೇ ಸಿ ಅಂದ್ರೆ ಎರಡು ಬ್ಯಾರೆಲ್, ಅಂದ್ರೆ ಎರಡು ಬಾಯಿಯ, ಕಾರ್ಬ್ಯುರೇಟರಿನ 289 ಎಂಜಿನ್. ಆ ಜಾಗದಲ್ಲಿ ಟಿ ಇದ್ದು, ಮಾರೋನು 'ಒರಿಜಿನಲ್ ವಿ-8' ಅಂತಿದ್ರೆ ನಕ್ಕು ವಾಪಸ್ ಬನ್ನಿ. ಟಿ ಅಂದ್ರೆ ಆರು ಸಿಲಿಂಡರ್. ಬಾಗಿಲಿನ ಪ್ಲೇಟ್ ಮೇಲೂ, ಮಾಲೀಕತ್ವದ ಕಾಗದದಲ್ಲೂ ಇದೇ ನಂಬರ್ ಇರ್ಬೇಕು. ಮೂರೂ ತಾಳೆ ಆಗ್ದೇ ಇದ್ರೆ ಕಾರ್ ಎಷ್ಟೇ ಚೆನ್ನಾಗಿರ್ಲಿ, ಬೇಡ.

ಡಿಯರ್‌ಬಾರ್ನ್ ನಮ್ಮನೆಯಿಂದ ದೂರ ಏನಿಲ್ಲ. ಡೆಟ್ರಾಯ್ಟ್ ಸುತ್ತಮುತ್ತ ಕಾರ್ ಕಂಪನಿಗಳಲ್ಲಿ ಕೆಲಸ ಮಾಡೋ ಕನ್ನಡದವರು ಬೇಕಾದಷ್ಟು ಜನ ಇದೀವಿ. ಹಗಲೆಲ್ಲ ಕಂಪ್ಯೂಟರಲ್ಲಿ ಕಾರಿನ ಚಿತ್ರ ತಿರುಗಿಸೋದೇ ನನ್ನ ಕೆಲಸ. ಸ್ಪ್ಯಾನರ್ ಹಿಡಿದಿದ್ದು ಇದೇ ಮೊದಲು. ಹಿಡಿದ ಮೊದಲ ಸ್ಪ್ಯಾನರೂ ತಪ್ಪೇ. ಇಲ್ಲಿ ನಮ್ಮ ಹತ್ತು, ಹನ್ನೆರಡು, ಹದಿನಾಲ್ಕು ನಂಬರ್ ನಡೆಯಲ್ಲ. ಎಲ್ಲ ಇಂಚು: 7/16, 1/2, 9/16. ಹತ್ತಿರದ ಸೈಜ್ ಹಾಕಿ ಜೋರು ಮಾಡಿದ್ರೆ ನಟ್ ತಲೆ ಉರುಟಾಗಿ ಕೂತ್ಬಿಡುತ್ತೆ.

ಈಗ ತುಕ್ಕಿನ ವಿಷಯಕ್ಕೆ ಬರೋಣ.

ಡೆಟ್ರಾಯ್ಟ್ ಊರಿನ ಕೆಳಗೆ, ಸುಮಾರು 1,200 ಅಡಿ ಆಳದಲ್ಲಿ ಉಪ್ಪಿನ ಗಣಿ ಇದೆ. ಚಳಿಗಾಲದಲ್ಲಿ ಹಿಮ ಕರಗ್ಲಿ ಅಂತ ಇಲ್ಲಿನ ರಸ್ತೆಗೆಲ್ಲ ಉಪ್ಪು ಸುರೀತಾರೆ. ಕಾರ್ ಮಾಡಿದ ಊರೇ ಕಾರ್ ತಿನ್ನೋ ಊರು. ಹಾಗಾಗಿ ತಳದಲ್ಲಿ ತೂತು ನೋಡಿದ ತಕ್ಷಣ, 'ಕೆಳಗಿಂದ ಉಪ್ಪು ತಿಂದಿದೆ, ತಳ ಬದಲಾಯಿಸಿದ್ರೆ ಆಯ್ತು' ಅಂದ್ಕೊಂಡೆ. ಕೊಳೆತಿದ್ದನ್ನ ಕತ್ತರಿಸಿದೆ, ಹೊಸ ತಗಡು ತರಿಸಿದೆ, ಮೂರು ವಾರಾಂತ್ಯ ಬೆಂಕಿ ಕಿಡಿ ತಿಂದು ಬೆಸೆದೆ, ಪೇಂಟ್ ಹೊಡೆದೆ. ಆಮೇಲೆ ಖುಷಿಗೆ ಕಾರ್ ತೊಳೆದೆ. ಮಾರನೇ ದಿನ ಬಾಗಿಲು ತೆಗೆದು ನೋಡಿದ್ರೆ ನನ್ನ ಹೊಸ ತಳದ ಮೇಲೆ ನೀರು ನಿಂತಿದೆ. ಅದೂ ಒಳಗಡೆ.

[ಗಾಜಿನ ಬುಡ, ಬಾನೆಟ್ಟಿನ ಹಿಂದೆ: ಉದ್ದುದ್ದ ಸೀಳುಗಳಿರುವ ತಗಡು. ಬೆರಳು ತೋರಿಸುತ್ತದೆ.]

ನಾನು ಬೆಳೆದಿದ್ದು ಹಂಚಿನ ಮನೇಲಿ. ಸೋರೋ ಜಾಗ ಒಂದು, ತೊಟ್ಟಿಕ್ಕೋ ಜಾಗ ಇನ್ನೊಂದು. ಅಡುಗೆಮನೇಲಿ ಪಾತ್ರೆ ಇಟ್ಟಿರ್ತೀವಿ, ಹಂಚು ಒಡೆದಿರೋದು ನಡುಮನೆ ಮೇಲೆ. ನೀರು ಪಕಾಸಿ ಹಿಡ್ಕೊಂಡು ಅಲ್ಲಿಂದ ಇಲ್ಲಿಗೆ ನಡ್ಕೊಂಡು ಬಂದಿರುತ್ತೆ. ಇಷ್ಟು ಗೊತ್ತಿದ್ದೂ ಕಾರಲ್ಲಿ ತೊಟ್ಟಿಕ್ಕಿದ ಜಾಗಕ್ಕೇ ತೇಪೆ ಹಾಕಿದ್ದೆ.

ಒಡೆದ ಹಂಚು ಇದ್ದಿದ್ದು ಇಲ್ಲಿ. ಗಾಜಿನ ಕೆಳಗಿನ ಈ ಭಾಗಕ್ಕೆ ಕೌಲ್ ಅಂತಾರೆ. ಈ ಸೀಳುಗಳಿಂದ ಗಾಳಿ ಒಳಗೆ ಹೋಗ್ಬೇಕು, ಮಳೆನೀರೂ ಹೋಗುತ್ತೆ. ಒಳಗಡೆ ಎರಡು ತಗಡು ಸೇರಿ ಒಂದು ತೊಟ್ಟಿ ಥರ ಆಗಿದೆ. ಅದರ ತಳದಲ್ಲಿ ಟೋಪಿ ಆಕಾರದ ಎರಡು ಉಬ್ಬು, ಉಬ್ಬಿನ ನಡುವೆ ಗಾಳಿ ಇಳಿಯೋ ತೂತು. ಒಂದು ಹೀಟರಿಗೆ, ಇನ್ನೊಂದು ಡ್ರೈವರ್ ಕಾಲ ಹತ್ತಿರಕ್ಕೆ. ಟೋಪಿ ಎತ್ತರಕ್ಕಿರೋದ್ರಿಂದ ನೀರು ಅದರ ಸುತ್ತ ಹರಿದು, ಎರಡೂ ತುದಿಗೆ ಹೋಗಿ, ಫೆಂಡರ್ ಹಿಂದಿನಿಂದ ನೆಲಕ್ಕೆ ಇಳೀಬೇಕು. ಒಳ್ಳೇ ಲೆಕ್ಕಾಚಾರನೇ. ಆದ್ರೆ ಆ ತೊಟ್ಟಿ ಒಳಗೆ ಸರಿಯಾಗಿ ಪೇಂಟ್ ಇಲ್ಲ, ಕೈ ಹಾಕಿ ತೊಳೆಯೋಕೆ ದಾರಿನೂ ಇಲ್ಲ. ಒಣಗಿದ ಎಲೆ ಬಿದ್ದು, ಕೊಳೆತು, ಗೊಬ್ಬರ ಆಗಿ ಟೋಪಿ ಬುಡದಲ್ಲಿ ಕೂರುತ್ತೆ. ಗೊಬ್ಬರ ಯಾವಾಗ್ಲೂ ಒದ್ದೆ. ಟೋಪಿ ಬುಡ ಕೊಳೆತ ಮೇಲೆ ನೀರು ಸೀದಾ ಕಾರ್ಪೆಟ್ ಕೆಳಗೆ. ತಳ ಮೇಲಿಂದ ಕೊಳೀತಾ ಹೋಗುತ್ತೆ, ನಾವು ಕೆಳಗೆ ಮಲಗಿ ಉಪ್ಪಿಗೆ ಬೈತಿರ್ತೀವಿ.

ಪರೀಕ್ಷೆ ಇಷ್ಟೇ. ಸೀಟು, ಕಾರ್ಪೆಟ್ ತೆಗೀರಿ. ತಳಕ್ಕೆ ಹಳೇ ಪೇಪರ್ ಹಾಸಿ. ಒಂದು ಚೊಂಬು ನೀರು ಕೌಲ್ ಸೀಳಿಗೆ ನಿಧಾನಕ್ಕೆ ಸುರೀರಿ, ಮೊದಲು ಎಡಕ್ಕೆ, ಆಮೇಲೆ ಬಲಕ್ಕೆ. ಟಾರ್ಚ್ ಹಿಡ್ಕೊಂಡು ಡ್ಯಾಶ್‌ಬೋರ್ಡ್ ಕೆಳಗೆ ತಲೆ ಹಾಕಿ. ನನ್ನ ಕಾರಲ್ಲಿ ಬಲಗಡೆ ಪೇಪರ್ ಮೇಲೆ ಟಪ್ ಟಪ್ ಅಂತ ಕಂದು ನೀರು, ಅದರ ಜೊತೆಗೆ ಒಂದು ಮೇಪಲ್ ಎಲೆಯ ತೊಟ್ಟು. ಕಾರ್ ತಗೊಳ್ಳೋ ಮುಂಚೆನೇ ಮಾಡ್ಬೇಕಾದ ಪರೀಕ್ಷೆ ಇದು, ಮಾರೋನು ಮುಖ ಸಿಂಡರಿಸಿದ್ರೂ ಪರವಾಗಿಲ್ಲ.

[ಮೇಜಿನ ಮೇಲೆ ಹಳೇ ಸ್ಕ್ರೂಡ್ರೈವರ್ ಮತ್ತು ಅಯಸ್ಕಾಂತ.]

ಕಾರಿನ ಮಿಕ್ಕ ತಗಡನ್ನ ಪರೀಕ್ಷೆ ಮಾಡೋಕೆ ಈ ಎರಡು ಸಾಕು. ಅಯಸ್ಕಾಂತ ಹಿಡೀದೇ ಇದ್ದ ಕಡೆ ಒಳಗೆ ಪುಟ್ಟಿ ಇದೆ. ತಗಡು ಉಬ್ಬಿರೋ ಕಡೆ ಸ್ಕ್ರೂಡ್ರೈವರಲ್ಲಿ ಚುಚ್ಚಿ. ಕಬ್ಬಿಣಕ್ಕಿಂತ ತುಕ್ಕಿಗೆ ಜಾಗ ಜಾಸ್ತಿ ಬೇಕು, ಅದಕ್ಕೇ ಎರಡು ತಗಡಿನ ಸಂದು ಊದ್ಕೊಳ್ಳೋದು. ಚುಚ್ಚಿದಾಗ ಸ್ಕ್ರೂಡ್ರೈವರ್ ಒಳಗೆ ಹೋಯ್ತು ಅಂದ್ರೆ ಅಲ್ಲಿ ಆಸಿಡ್ಡು, ತುಕ್ಕನ್ನ ಗಟ್ಟಿ ಪದರ ಮಾಡೋ ಕನ್ವರ್ಟರು ಏನೂ ಉಪಯೋಗ ಇಲ್ಲ. ಕತ್ತರಿಸ್ಬೇಕು.

ಕತ್ತರಿಸೋ ಮುಂಚೆ ಒಂದು ಮಾತು. ಇದಕ್ಕೆ ಲಾರಿ ಥರ ಬೇರೆ ಚಾಸಿ ಇಲ್ಲ. ತಳ, ಪಕ್ಕ, ಮೇಲ್ಛಾವಣಿ ಎಲ್ಲ ಸೇರಿನೇ ಚಾಸಿ. ಎರಡೂ ಕಡೆ ತಳ ಒಟ್ಟಿಗೆ ತೆಗೆದ್ರೆ ಬಾಡಿ ಬಾಗುತ್ತೆ, ಆಮೇಲೆ ಬಾಗಿಲು ಜನ್ಮದಲ್ಲಿ ಕೂರಲ್ಲ. ಬಾಗಿಲ ಚೌಕಟ್ಟಿಗೆ ಅಡ್ಡ ಒಂದು ಚೌಕ ಪೈಪ್ ಬೆಸೆದು, ಒಂದು ಕಡೆ ಮುಗಿಸಿ ಇನ್ನೊಂದಕ್ಕೆ ಹೋಗಿ.

ಇನ್ನೊಂದು, ಪೆಟ್ರೋಲ್ ಟ್ಯಾಂಕ್. ಈ ಕಾರಲ್ಲಿ ಟ್ಯಾಂಕಿನ ಮೇಲ್ಮೈನೇ ಡಿಕ್ಕಿಯ ನೆಲ. ಹೌದು, ಮ್ಯಾಟ್ ಎತ್ತಿದ್ರೆ ಕಾಣೋದು ಟ್ಯಾಂಕೇ. ವೆಲ್ಡಿಂಗ್ ಮಿಷಿನ್ ಪ್ಲಗ್ ಹಾಕೋ ಮುಂಚೆ ಅದನ್ನ ಬಿಚ್ಚಿ ಗ್ಯಾರೇಜಿನಿಂದಲೇ ಆಚೆ ಇಡಿ.

[ಕೌಲ್ ಮೇಲೆ ಡ್ರಿಲ್. ನಿಧಾನಗತಿ.]

ಕೌಲ್ ಬಿಚ್ಚೋದು ತಾಳ್ಮೆ ಕೆಲಸ. ಫೆಂಡರ್ ತೆಗೆದು, ಕಾರ್ಖಾನೆಯವರು ಹಾಕಿದ ಒಂದೊಂದು ಸ್ಪಾಟ್ ವೆಲ್ಡನ್ನೂ, ಅಂದ್ರೆ ಚುಕ್ಕಿ ಬೆಸುಗೆಯನ್ನೂ, 8 ಮಿಲಿಮೀಟರ್ ಕಟರಲ್ಲಿ ಕೊರೀಬೇಕು. ಮೇಲಿನ ತಗಡು ಮಾತ್ರ ಕಟ್ ಆಗ್ಬೇಕು, ಕೆಳಗಿನದು ಉಳೀಬೇಕು. ಎಷ್ಟಿದೆ ಅಂತ ಎಣಿಸೋಕೆ ಹೋಗ್ಬೇಡಿ, ಧೈರ್ಯ ಹೋಗುತ್ತೆ. ಬಿಚ್ಚಿದ ಮೇಲೆ ಕೆಳಗಿನ ತಗಡು ಹೊಸದು ಹಾಕಿ. ಎರಡು ತಗಡು ಮುಟ್ಟೋ ಅಂಚಿಗೆ ಬೆಸುಗೆ ಶಾಖ ತಡೆಯೋ ಸತುವಿನ ವೆಲ್ಡ್-ಥ್ರೂ ಪ್ರೈಮರ್ ಹೊಡೀರಿ. ಮುಚ್ಚೋ ಮುಂಚೆ ತೊಟ್ಟಿ ಒಳಗೆಲ್ಲ ಎರಡು ಕೈ ಪೇಂಟ್. ಬೆಸೆದಾದ ಮೇಲೆ ಸಂದಿಗೆಲ್ಲ ನೀರು ಇಳೀದ ಹಾಗೆ ಮುಚ್ಚೋ ಸೀಮ್ ಸೀಲರ್.

ಬೆಸೆಯೋಕೆ ಮನೆ ಕರೆಂಟಿನಲ್ಲಿ ಓಡೋ, ತಂತಿ ತಾನೇ ಮುಂದೆ ಬರೋ ಚಿಕ್ಕ ಮಿಗ್ ವೆಲ್ಡಿಂಗ್ ಮಿಷಿನ್ ಸಾಕು. ಗ್ಯಾಸ್ ಮುಕ್ಕಾಲು ಪಾಲು ಆರ್ಗಾನ್, ಕಾಲು ಪಾಲು ಕಾರ್ಬನ್ ಡೈ ಆಕ್ಸೈಡ್. ತಗಡು ಒಂದು ಮಿಲಿಮೀಟರ್ ಆಸುಪಾಸು ಅಷ್ಟೇ. ಗೆರೆ ಎಳೆದ ಹಾಗೆ ಒಂದೇ ಸಮ ಬೆಸೆದ್ರೆ ಹಪ್ಪಳ ಸುಟ್ಟ ಹಾಗೆ ಮುರುಟಿಕೊಳ್ಳುತ್ತೆ. ಒಂದು ಚುಕ್ಕಿ ಇಲ್ಲಿ, ಇನ್ನೊಂದು ಅಲ್ಲಿ ದೂರ, ಮೂರನೇದು ನಡುವೆ. ಬಿಸಿ ಆರಲಿ, ಕೈಯಿಟ್ಟು ನೋಡಿ, ಆಮೇಲೆ ಮುಂದಿನ ಚುಕ್ಕಿ. ನನ್ನ ಮೊದಲ ಸಾಲು ನೋಡಿ... ಹಕ್ಕಿ ಹಿಕ್ಕೆ ಥರ ಇದೆ. ಗ್ರೈಂಡರ್ ಇದೆಯಲ್ಲ, ಮರ್ಯಾದೆ ಉಳಿಸುತ್ತೆ.

ಬೆಸೆಯೋ ಜಾಗಾನ ಬ್ರೇಕ್ ಕ್ಲೀನರಲ್ಲಿ ಒರೆಸ್ಬೇಡಿ. ಕೆಲವು ಬ್ರೇಕ್ ಕ್ಲೀನರಲ್ಲಿ ಕ್ಲೋರಿನ್ ಸೇರಿದ ದ್ರಾವಕ ಇರುತ್ತೆ, ವೆಲ್ಡಿಂಗ್ ಬೆಳಕು, ಶಾಖ ತಾಕಿದ್ರೆ ಅದು ಫಾಸ್ಜೀನ್ ಆಗುತ್ತೆ. ಮೊದಲ ಮಹಾಯುದ್ಧದಲ್ಲಿ ಜನರನ್ನ ಕೊಲ್ಲೋಕೆ ಬಳಸಿದ ಗಾಳಿ ಅದು.

ಚಿಕ್ಕ ಪುಟ್ಟ ತುಕ್ಕಿನ ಸಾಮಾನಿಗೆ, ಬ್ರಾಕೆಟ್ಟು, ಹಿಂಜು ಇಂಥದ್ದಕ್ಕೆ, ಪ್ಲಾಸ್ಟಿಕ್ ಬಕೆಟಲ್ಲಿ ವಾಷಿಂಗ್ ಸೋಡಾ ನೀರು ಮಾಡಿ. ನಾಲ್ಕು ಲೀಟರಿಗೆ ಒಂದು ದೊಡ್ಡ ಚಮಚ. ಬ್ಯಾಟರಿ ಚಾರ್ಜರಿನ ನೆಗೆಟಿವ್ ತುಕ್ಕಿನ ಸಾಮಾನಿಗೆ, ಪಾಸಿಟಿವ್ ಒಂದು ಹಳೇ ಕಬ್ಬಿಣದ ತುಂಡಿಗೆ. ಎರಡೂ ಒಂದಕ್ಕೊಂದು ಮುಟ್ಬಾರ್ದು. ರಾತ್ರಿ ಕಳೆಯೋದ್ರೊಳಗೆ ತುಕ್ಕು ಸಡಿಲ ಆಗಿ ಮಡ್ಡಿ ಥರ ಬರುತ್ತೆ. ಹೈಡ್ರೋಜನ್ ಗುಳ್ಳೆ ಏಳುತ್ತೆ, ಹಾಗಾಗಿ ಬಾಗಿಲು ತೆರೆದಿರ್ಲಿ, ಹತ್ತಿರ ಬೆಂಕಿ ಬೇಡ. ಮತ್ತೆ, ನಮ್ಮ ಮನೆಗಳಲ್ಲಿ ಸ್ಟೀಲ್ ತಟ್ಟೆ, ಲೋಟಕ್ಕೆ ಬರ ಇಲ್ಲ ಅಂತ ಅದನ್ನ ಪಾಸಿಟಿವ್‌ಗೆ ಕಟ್ಬೇಡಿ. ಸ್ಟೇನ್‌ಲೆಸ್ ಸ್ಟೀಲಿನಿಂದ ಕ್ಯಾನ್ಸರ್ ತರೋ ಥರದ ಕ್ರೋಮಿಯಂ ನೀರಿಗೆ ಸೇರುತ್ತೆ.

ಎಂಜಿನ್ ಬಗ್ಗೆ ಇವತ್ತು ಜಾಸ್ತಿ ಹೇಳಲ್ಲ. ಜಾಮ್ ಆಗಿದ್ರೆ ಸ್ಟಾರ್ಟರ್ ಕೊಟ್ಟು ಹಿಂಸೆ ಮಾಡ್ಬೇಡಿ. ಎಂಟೂ ಸ್ಪಾರ್ಕ್ ಪ್ಲಗ್ ಬಿಚ್ಚಿ, ಆ ತೂತುಗಳಿಗೆ ಗೇರ್‌ಬಾಕ್ಸ್ ಎಟಿಎಫ್ (ಆಟೋಮ್ಯಾಟಿಕ್ ಗೇರಿಗೆ ಹಾಕೋ) ಆಯಿಲ್, ಅಸಿಟೋನ್ ಬೆರೆಸಿ ಬಿಟ್ಟು ನಾಲ್ಕೈದು ದಿನ ಮರೆತ್ಬಿಡಿ. ಆಮೇಲೆ ಎಂಜಿನ್ ಮುಂಭಾಗದ ಕ್ರ್ಯಾಂಕ್ ಬೋಲ್ಟಿಗೆ ಉದ್ದನೇ ಬಾರ್ ಹಾಕಿ ಕೈಯಲ್ಲೇ ತಿರುಗಿಸಿ. ನಂದು ಆರನೇ ದಿನ ಒಂದು ನೂಲು ಅಲ್ಲಾಡ್ತು. ಆ ಖುಷಿಗೆ ನೆರೆಮನೆಯವರನ್ನೆಲ್ಲ ಕರೆದು ತೋರಿಸಿದೆ. ಅವರಿಗೆ ಏನು ಕಂಡ್ತೋ ದೇವರಿಗೇ ಗೊತ್ತು.

[ಕಾರಿನ ಒಳಗೆ. ತಳದಲ್ಲಿ ಹಾಸಿದ ಪೇಪರ್. ಹೊರಗಿನಿಂದ ಹೆಂಡತಿಯ ದನಿ: "ಸುರೀಲಾ?"]

ಸುರಿ. ನಿಧಾನಕ್ಕೆ... ಹಾಂ, ಈಗ ಬಲಗಡೆ. ಇನ್ನೊಂದು ಚೊಂಬು.

[ಟಾರ್ಚ್ ಬೆಳಕು ಟೋಪಿಯ ಬುಡದ ಮೇಲೆ, ಆಮೇಲೆ ಪೇಪರ್ ಮೇಲೆ. ಹತ್ತು ಸೆಕೆಂಡ್ ಮಾತಿಲ್ಲ. ಫೆಂಡರ್ ಹಿಂದಿನಿಂದ ನೀರು ನೆಲಕ್ಕೆ ಬೀಳುವ ಸದ್ದು.]

ಪೇಪರ್ ಒಣಗೇ ಇದೆ. ಸಾಕು ಬಿಡು, ಚಪ್ಪಲಿ ಒದ್ದೆ ಆಗುತ್ತೆ.