ಗೆರೆ ಎಳೆಯುವ ಮೊದಲೇ ಕೇಳಿ

ಎಲ್ಲರಿಗೂ ನಮಸ್ಕಾರ.

ಒಂದು ನಗರ ಇನ್ನು ಇಪ್ಪತ್ತು ವರ್ಷಕ್ಕೆ ಹೇಗಿರಬೇಕು ಅಂತ ತೀರ್ಮಾನಿಸುವವರು ಯಾರು? ಇವತ್ತು ಇದೊಂದರ ಬಗ್ಗೆ ಮಾತಾಡೋಣ. ಎಂಜಿನಿಯರುಗಳಿದ್ದಾರೆ, ಯೋಜನಾ ತಜ್ಞರಿದ್ದಾರೆ, ನಾವೇ ಆರಿಸಿ ಕಳಿಸಿದ ಪ್ರತಿನಿಧಿಗಳಿದ್ದಾರೆ. ಮತ್ತೆ ನಿವಾಸಿಗಳನ್ನು ಯಾಕೆ ಕೂರಿಸಿಕೊಂಡು ಕೇಳಬೇಕು ಅನ್ನುವವರೂ ಇದ್ದಾರೆ. ಒಂದು ರಸ್ತೆಯಲ್ಲಿ ಎಷ್ಟು ವಾಹನ ಓಡಾಡಬಹುದು ಅಂತ ತಜ್ಞರು ಲೆಕ್ಕ ಹಾಕಿ ಹೇಳುತ್ತಾರೆ. ಆದರೆ ಆ ರಸ್ತೆಗಾಗಿ ಒಂದು ಉದ್ಯಾನವನ್ನು ಕಳೆದುಕೊಳ್ಳಬಹುದೇ? ಇದಕ್ಕೆ ಲೆಕ್ಕದಲ್ಲಿ ಉತ್ತರ ಸಿಗುವುದಿಲ್ಲ. ಅಲ್ಲಿ ಬದುಕುವವರು ಯಾವುದನ್ನು ಜಾಸ್ತಿ ಬಯಸುತ್ತಾರೆ ಅನ್ನುವುದರ ಮೇಲೆ ಅದು ನಿಂತಿದೆ.

ಜನರನ್ನು ಕೇಳುವುದೇ ಇಲ್ಲ ಅಂತಲ್ಲ, ಬಹಳ ಕಡೆ ಕೇಳುತ್ತಾರೆ. ಆದರೆ ಯಾವಾಗ? ಕರಡು ನಕ್ಷೆಗೆ ಬಣ್ಣ ತುಂಬಿ, ಇಲ್ಲಿ ಕೈಗಾರಿಕೆ, ಅಲ್ಲಿ ವಸತಿ, ಮಧ್ಯೆ ಅಗಲ ರಸ್ತೆ ಅಂತ ಗೆರೆ ಎಳೆದು ಮುಗಿದ ಮೇಲೆ. ಇಷ್ಟು ದಿನದೊಳಗೆ ಆಕ್ಷೇಪಣೆ ಸಲ್ಲಿಸಿ ಅಂತ ಒಂದು ಪ್ರಕಟಣೆ ಬರುತ್ತದೆ. ಇದು ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ. ಆ ಹೊತ್ತಿಗೆ ನಿವಾಸಿಗೆ ಹೇಳಲು ಉಳಿಯುವುದು ಒಂದೇ ಮಾತು: ನನ್ನ ಮನೆ ಮೇಲೆ ಗೆರೆ ಬಂದಿದೆ, ಅದನ್ನು ತೆಗೆಯಿರಿ. ಆಮೇಲೆ ಅಧಿಕಾರಿಗಳು, ಜನಕ್ಕೆ ದೂರು ಹೇಳುವುದು ಬಿಟ್ಟು ಬೇರೇನೂ ಗೊತ್ತಿಲ್ಲ ಅಂತಾರೆ. ಇದು ಅನ್ಯಾಯದ ಮಾತು. ದೂರು ಹೇಳುವುದಕ್ಕೆ ಮಾತ್ರ ಜಾಗ ಬಿಟ್ಟರೆ ದೂರೇ ಬರುತ್ತದೆ, ಅಲ್ವಾ?

ಗೆರೆ ಎಳೆಯುವ ಮೊದಲೇ ಕೇಳಿದರೆ ಏನಾಗುತ್ತದೆ ಅನ್ನುವುದಕ್ಕೆ ಅಮೆರಿಕದ ಟೆನೆಸ್ಸೀ ರಾಜ್ಯದ ಚಟನೂಗ ನಗರವನ್ನು ನೋಡಬೇಕು. 1969ರಲ್ಲಿ ಆ ದೇಶದಲ್ಲೇ ಅತಿ ಕೊಳಕು ಗಾಳಿಯ ನಗರ ಅಂತ ಅದು ಹೆಸರು ಕೆಡಿಸಿಕೊಂಡಿತ್ತು. ಮುಂದೆ ಕಾರ್ಖಾನೆಗಳು ಒಂದೊಂದಾಗಿ ಮುಚ್ಚಿದವು, ಕೆಲಸ ಹೋಯಿತು, ನಗರದ ನಡುಭಾಗ ಖಾಲಿಯಾಗುತ್ತಾ ಬಂತು. 1984ರಲ್ಲಿ ಅಲ್ಲಿ 'ವಿಷನ್ 2000' ಅನ್ನುವ ಕಾರ್ಯಕ್ರಮ ಶುರುವಾಯಿತು. ಸುಮಾರು 1,700 ನಿವಾಸಿಗಳು ಅದರಲ್ಲಿ ಸೇರಿದರು. ಈ ಊರು ಹೇಗಿರಬೇಕು ಅನ್ನುವುದೇ ಅಲ್ಲಿ ಮೊದಲ ಪ್ರಶ್ನೆ. ಇಪ್ಪತ್ತು ವಾರಗಳ ಮಾತುಕತೆಯ ಕೊನೆಗೆ, 2000ನೇ ಇಸವಿಯೊಳಗೆ ಮುಟ್ಟಬೇಕಾದ 40 ಗುರಿಗಳನ್ನು ಬರೆದಿಟ್ಟರು.

ಆ ಪಟ್ಟಿ ನನಗೆ ಬಹಳ ಇಷ್ಟ. ನಗರ ಬೆನ್ನು ಹಾಕಿ ಕೂತಿದ್ದ ನದಿಯ ದಂಡೆಯನ್ನು ಮತ್ತೆ ಜನರ ಓಡಾಟಕ್ಕೆ ತೆರೆಯಬೇಕು ಅನ್ನುವುದು ಅದರಲ್ಲಿತ್ತು. ಅದರ ಜೊತೆಗೇ, ಮನೆಯೊಳಗಿನ ಹಿಂಸೆಗೆ ಸಿಕ್ಕವರಿಗೆ ಒಂದು ಆಶ್ರಯ ಬೇಕು ಅನ್ನುವುದೂ ಇತ್ತು. ನಕ್ಷೆ ಮಾತ್ರ ಮುಂದಿಟ್ಟುಕೊಂಡು ಕೂತವರಿಗೆ ಈ ಎರಡನೆಯದು ಹೊಳೆಯುತ್ತಿತ್ತೇ? ಬೆಳವಣಿಗೆ ಅಂದ ಕೂಡಲೇ ನಾವು ಸೇತುವೆ, ಗೋಪುರ ಅಂತೇವೆ. ನಿವಾಸಿಗಳಿಗೆ ಅದರಲ್ಲಿ ಸುರಕ್ಷಿತವಾಗಿ ಮಲಗುವ ಒಂದು ಕೋಣೆಯೂ ಸೇರಿರುತ್ತದೆ.

ಸೇತುವೆಯ ಕತೆಯೂ ಇದೆ. ವಾಲ್‌ನಟ್ ಸ್ಟ್ರೀಟ್ ಸೇತುವೆ ಹತ್ತೊಂಬತ್ತನೇ ಶತಮಾನದ ಕೊನೆಯದು. 1978ರಲ್ಲಿ ಅದರ ಮೇಲೆ ವಾಹನ ಸಂಚಾರ ನಿಲ್ಲಿಸಿದರು. ಕೆಡವುವ ಮಾತು ನಡೆದಿತ್ತು. ನಿವಾಸಿಗಳು ಬೇಡ ಅಂದರು, ಉಳಿಸಿಕೊಂಡರು. 1993ರಲ್ಲಿ ಅದು ನಡೆಯುವವರ ಸೇತುವೆಯಾಗಿ ಮತ್ತೆ ತೆರೆಯಿತು. ಅದಕ್ಕೆ ಒಂದು ವರ್ಷ ಮೊದಲು ನದಿ ದಂಡೆಯಲ್ಲಿ ದೊಡ್ಡ ಮತ್ಸ್ಯಾಲಯ ಬಂತು. 1993ರಲ್ಲೇ ಜನರನ್ನು ಇನ್ನೊಂದು ಸಲ ಕೂಡಿಸಿ, ಮುಂದೇನು ಅಂತ ಮತ್ತೆ ಕೇಳಿದರು. ಒಂದು ಸಲ ಕೇಳಿ ಕೈತೊಳೆದುಕೊಳ್ಳಲಿಲ್ಲ ಅನ್ನುವುದು ಮುಖ್ಯ.

ಆದರೆ ಏನು ಬೇಕು ಅಂತ ಸುಮ್ನೆ ಕೇಳಿದರೆ ಎಲ್ಲವೂ ಬೇಕು ಅಂತಲೇ ಬರುತ್ತದೆ. ದೊಡ್ಡ ಮನೆ ಬೇಕು, ರಸ್ತೆ ಖಾಲಿ ಇರಬೇಕು, ಹೊಲ ತೋಟ ಉಳಿಯಬೇಕು, ತೆರಿಗೆ ಏರಬಾರದು. ಇವೆಲ್ಲ ಒಟ್ಟಿಗೆ ಆಗುವ ಕೆಲಸವಲ್ಲ. ಇದನ್ನು ಜನರ ಎದುರು ಪ್ರಾಮಾಣಿಕವಾಗಿ ಇಡಬೇಕು. ಅಮೆರಿಕದ ಯೂಟಾ ರಾಜ್ಯದಲ್ಲಿ 1997ರಲ್ಲಿ ಶುರುವಾದ 'ಎನ್‌ವಿಷನ್ ಯೂಟಾ' ಹಾಗೆ ಮಾಡಿತು. ಜನರನ್ನು ನಕ್ಷೆಯ ಸುತ್ತ ಕೂರಿಸಿ ಕೈಗೆ ಚೀಟಿಗಳನ್ನು ಕೊಟ್ಟರು. ಒಂದೊಂದು ಚೀಟಿ ಅಂದರೆ ಮುಂದೆ ಬರಲಿರುವ ಇಷ್ಟು ಜನ. ಅವರಿಗೆ ನಕ್ಷೆಯ ಮೇಲೆ ಜಾಗ ತೋರಿಸಬೇಕು. ಹರಡಿ ಇಡುತ್ತಾ ಹೋದರೆ ಖಾಲಿ ನೆಲ ಮುಗಿಯುವುದು ಕಣ್ಣಿಗೇ ಕಾಣುತ್ತದೆ. ಒತ್ತಾಗಿ ಇಟ್ಟರೆ ನಮ್ಮ ಬೀದಿಯಲ್ಲೇ ಎತ್ತರದ ಕಟ್ಟಡ ಬರುತ್ತದೆ. ಆಮೇಲೆ ನಾಲ್ಕು ಬಗೆಯ ಭವಿಷ್ಯವನ್ನು ಮುಂದಿಟ್ಟು, ಯಾವುದಕ್ಕೆ ಎಷ್ಟು ನೆಲ, ಎಷ್ಟು ನೀರು, ಎಷ್ಟು ಖರ್ಚು ಅಂತ ತೋರಿಸಿ ಆರಿಸಲು ಹೇಳಿದರು. ಹೆಚ್ಚು ಜನ ಒಪ್ಪಿದ್ದು, ನಡೆದು ಓಡಾಡುವಂಥ, ಮನೆಗಳು ಹತ್ತಿರ ಹತ್ತಿರ ಇರುವ ಬಡಾವಣೆಗಳನ್ನು. ಲೆಕ್ಕ ಗೊತ್ತಾದರೆ ಜನ ವಿವೇಕದಿಂದ ಆರಿಸುತ್ತಾರೆ ಅಂತ ನಾನು ನಂಬಿದ್ದೇನೆ.

ಇಲ್ಲೊಂದು ಕಹಿ ಮಾತು ಹೇಳಲೇಬೇಕು. ಸಭೆಗೆ ಬಂದವರೇ ಇಡೀ ನಗರ ಅಲ್ಲ. ಸಂಜೆ ಆರಕ್ಕೆ ಬಿಡುವಿರುವವರು, ಸ್ವಂತ ಮನೆಯಿರುವವರು, ಮೈಕ್ ಹಿಡಿದು ಅಭ್ಯಾಸವಿರುವವರು ಜಾಸ್ತಿ ಬರುತ್ತಾರೆ. ಬಾಡಿಗೆದಾರರು, ರಾತ್ರಿ ಪಾಳಿಯವರು, ಚಿಕ್ಕ ಮಕ್ಕಳ ತಾಯಂದಿರು, ಇನ್ನೂ ಈ ಊರಿಗೆ ಬಂದೇ ಇರದವರು ಅಲ್ಲಿರುವುದಿಲ್ಲ. ಬಂದವರು ತಮ್ಮ ಬೀದಿ ಕಾಪಾಡಿಕೊಳ್ಳಲು ಬರದವರ ಮನೆಗೆ ಅಡ್ಡ ನಿಲ್ಲಬಹುದು. ಅದನ್ನು ಜನಾಭಿಪ್ರಾಯ ಅಂತ ಕರೆಯಲು ನನಗೆ ಮನಸ್ಸು ಬರುವುದಿಲ್ಲ.

ಇದಕ್ಕೆ ದಾರಿಯಿಲ್ಲ ಅಂತಲ್ಲ. 2014ರಲ್ಲಿ ಮೆಲ್ಬರ್ನ್ ನಗರಸಭೆ ತನ್ನ ಹತ್ತು ವರ್ಷದ ಹಣಕಾಸು ಯೋಜನೆಗೆ ಸಲಹೆ ಕೊಡಲು 43 ಜನರ ಸಮಿತಿ ಮಾಡಿತು. ಚುನಾವಣೆಯಿಲ್ಲ, ಶಿಫಾರಸಿಲ್ಲ. ನಗರದ ಎಲ್ಲ ಬಗೆಯ ಜನ ಸೇರುವ ಹಾಗೆ ಚೀಟಿ ಎತ್ತಿದಂತೆ ಆರಿಸಿದವರು. ಬ್ರೆಜಿಲ್‌ನ ಪೋರ್ಟೊ ಅಲೆಗ್ರೆ 1989ರಿಂದ ಇನ್ನೂ ಮುಂದೆ ಹೋಗಿತ್ತು. ಅಲ್ಲಿ ನೆರೆಹೊರೆಯ ಸಭೆಗಳು ಬಜೆಟ್ಟಿನ ಆದ್ಯತೆಯನ್ನೇ ನಿರ್ಧರಿಸುತ್ತಿದ್ದವು. ಹಣ ಹಂಚುವಾಗ ಜನ ಏನು ಕೇಳಿದರು ಅಂತ ನೋಡುವುದರ ಜೊತೆಗೆ, ಆ ಭಾಗದಲ್ಲಿ ಎಷ್ಟು ಜನ ಇದ್ದಾರೆ, ಏನೇನು ಸೌಲಭ್ಯ ಇಲ್ಲ ಅಂತಲೂ ನೋಡುತ್ತಿದ್ದರು. ಹಾಗಾಗಿ ದನಿ ದೊಡ್ಡದಿದ್ದ ಕಡೆಗೇ ಎಲ್ಲವೂ ಹರಿದು ಹೋಗಲಿಲ್ಲ. ನೀರು, ಒಳಚರಂಡಿ ಬಡವರ ಬಡಾವಣೆಗಳಿಗೂ ತಲುಪಿತು. ಬಜೆಟ್ಟಿಗೆ ಬೆಸೆಯದ ಮುನ್ನೋಟ ಎಷ್ಟು ಚೆನ್ನಾಗಿ ಅಚ್ಚಾದರೂ ಕಪಾಟಿನಲ್ಲೇ ಉಳಿಯುತ್ತದೆ.

ನಿಮ್ಮ ನಗರದ ಯೋಜನೆ ಪರಿಷ್ಕರಣೆ ಶುರುವಾಗುತ್ತಿದೆ ಅಂತ ಗೊತ್ತಾದ ದಿನವೇ ಹೋಗಿ. ಕರಡಿಗೆ ಕಾಯಬೇಡಿ. ಜನಸಂಖ್ಯೆ ಎಷ್ಟಾಗುತ್ತದೆ ಅಂತ ಅಂದಾಜಿಸಿದ್ದಾರೆ, ಅಷ್ಟು ಜನಕ್ಕೆ ನೀರು ಎಲ್ಲಿಂದ, ಯಾವ ನೆಲ ಈಗ ಯಾವುದಕ್ಕೆ ಬಳಕೆಯಲ್ಲಿದೆ, ಈ ಮೂರನ್ನು ಮೊದಲು ಕೇಳಿ. ಸಭೆಗೆ ಬರಲಾಗದ ಒಬ್ಬರ ಮಾತನ್ನು ಬರೆದುಕೊಂಡು ಹೋಗಿ. ಕೊನೆಗೆ ಒಂದು ಪಟ್ಟಿಯನ್ನು ಪಟ್ಟು ಹಿಡಿದು ಕೇಳಿ: ಜನ ಹೇಳಿದ್ದರಲ್ಲಿ ಯಾವುದನ್ನು ಸೇರಿಸಿದರು, ಯಾವುದನ್ನು ಬಿಟ್ಟರು, ಯಾಕೆ ಬಿಟ್ಟರು. ಕಾರಣ ಸಮೇತ 'ಇಲ್ಲ' ಅಂದರೆ ಜನ ಒಪ್ಪುತ್ತಾರೆ. ಉತ್ತರವೇ ಬರದಿದ್ದರೆ ಮುಂದಿನ ಸಭೆಗೆ ಬರುವುದಿಲ್ಲ.

ಈಗ ನಿಮ್ಮ ಮಾತು ಕೇಳುತ್ತೇನೆ. ಹಿಂದಿನ ಸಾಲಿನಲ್ಲಿ ಕೂತವರಿಂದ ಶುರು ಮಾಡೋಣ.