ಒಂದೇ ಸಲ ಕೊಂಡದ್ದು ಒಂದೇ ಸಲ ಹಳತಾಗುತ್ತದೆ: ವಿಶ್ವವಿದ್ಯಾಲಯದ ನೆಟ್‌ವರ್ಕ್ ನಿರ್ವಹಣೆ ಕುರಿತು

ಎಲ್ಲರಿಗೂ ನಮಸ್ಕಾರ. ಹಾಸನ, ಚಿಕ್ಕಮಗಳೂರು ಎರಡೂ ಜಿಲ್ಲೆಗಳ ಕಾಲೇಜುಗಳಲ್ಲಿ ಕಂಪ್ಯೂಟರ್ ವ್ಯವಸ್ಥೆ ನೋಡಿಕೊಳ್ಳುವವರು ಇಲ್ಲಿ ಸೇರಿದ್ದೀರಿ. ಕೆಲವರು ಪ್ರಾಂಶುಪಾಲರೂ ಇದ್ದೀರಿ. ದುಡ್ಡು ಮಂಜೂರು ಮಾಡುವವರು ಮತ್ತು ರಾತ್ರಿ ಹನ್ನೊಂದಕ್ಕೆ ಹಾಸ್ಟೆಲ್‌ನಿಂದ ಬರುವ ಫೋನ್ ಎತ್ತುವವರು ಒಂದೇ ಕೋಣೆಯಲ್ಲಿ ಕೂರುವುದು ಅಪರೂಪ. ಹಾಗಾಗಿ ನೇರವಾಗಿ ವಿಷಯಕ್ಕೆ ಬರುತ್ತೇನೆ.

ನಮ್ಮ ವಿಶ್ವವಿದ್ಯಾಲಯಗಳಲ್ಲಿ ನೆಟ್‌ವರ್ಕ್‌ಗೆ ಹಣ ಬರುವುದು ಒಂದೇ ಗಂಟಿನಲ್ಲಿ. ಯಾವುದೋ ಯೋಜನೆಯ ಅನುದಾನ, ಇಲ್ಲವೇ ನ್ಯಾಕ್ (ಕಾಲೇಜುಗಳ ಗುಣಮಟ್ಟ ಅಳೆಯುವ ಸಂಸ್ಥೆ) ಮೌಲ್ಯಮಾಪನದ ವರ್ಷ. ಮಾರ್ಚ್ 31ರೊಳಗೆ ಖರ್ಚಾಗಬೇಕು. ಸ್ವಿಚ್ (ಹಲವು ತಂತಿಗಳನ್ನು ಜೋಡಿಸುವ ಪೆಟ್ಟಿಗೆ), ಆಕ್ಸೆಸ್ ಪಾಯಿಂಟ್ (ವೈಫೈ ಪೆಟ್ಟಿಗೆ), ಫೈರ್‌ವಾಲ್, ಯುಪಿಎಸ್ ಎಲ್ಲವೂ ಒಂದೇ ಟೆಂಡರ್‌ನಲ್ಲಿ ಬಂದು ಇಳಿಯುತ್ತವೆ. ಒಂದೇ ಸಲ ಕೊಂಡದ್ದು ಒಂದೇ ಸಲ ಹಳತಾಗುತ್ತದೆ. ಏಳೆಂಟು ವರ್ಷ ಕಳೆದ ಮೇಲೆ ಎಲ್ಲದರ ವಾರಂಟಿಯೂ ಒಟ್ಟಿಗೆ ಮುಗಿದಿರುತ್ತದೆ, ಕಂಪನಿ ಸಾಫ್ಟ್‌ವೇರ್ ಕೊಡುವುದನ್ನು ಒಟ್ಟಿಗೆ ನಿಲ್ಲಿಸಿರುತ್ತದೆ, ಕೈಯಲ್ಲಿ ಹಣ ಮಾತ್ರ ಇರುವುದಿಲ್ಲ.

ಆದರೆ ನೆಟ್‌ವರ್ಕ್‌ನ ಒಂದೊಂದು ಭಾಗಕ್ಕೂ ಒಂದೊಂದು ಆಯಸ್ಸು. ನೆಲದಡಿಯ ಪೈಪು ಸರಿಯಾಗಿ ಹಾಕಿದರೆ ನಮ್ಮ ನಿವೃತ್ತಿಯ ನಂತರವೂ ಇರುತ್ತದೆ. ಒಳ್ಳೆಯ ಫೈಬರ್, ಅಂದರೆ ಬೆಳಕು ಸಾಗಿಸುವ ಗಾಜಿನ ಎಳೆ, ಇಪ್ಪತ್ತು, ಇಪ್ಪತ್ತೈದು ವರ್ಷ ಬಾಳುತ್ತದೆ. ಸ್ವಿಚ್‌ಗೆ ಏಳೆಂಟು ವರ್ಷ, ವೈಫೈ ಪೆಟ್ಟಿಗೆಗೆ ಐದಾರು. ಯುಪಿಎಸ್ ಬ್ಯಾಟರಿ ಮೂರು ನಾಲ್ಕು ವರ್ಷಕ್ಕೆ ಸುಸ್ತಾಗುತ್ತದೆ. ಸಕಲೇಶಪುರ, ಮೂಡಿಗೆರೆ ಕಡೆಯವರಿಗೆ ಇದನ್ನು ನಾನು ಹೇಳಿಕೊಡಬೇಕಿಲ್ಲ. ಮುದಿ ಕಾಫಿ ಗಿಡಗಳನ್ನು ಇಡೀ ತೋಟದಲ್ಲಿ ಒಂದೇ ವರ್ಷ ಯಾರೂ ಕೀಳಿಸುವುದಿಲ್ಲ. ಒಂದು ಕಡೆ ಹೊಸ ಗಿಡ ಏಳುವಾಗ ಇನ್ನೊಂದು ಕಡೆ ಫಸಲು ಬರುತ್ತಲೇ ಇರಬೇಕು. ಪ್ರತಿವರ್ಷ ಐದರಲ್ಲೊಂದು ಪಾಲು ಆಕ್ಸೆಸ್ ಪಾಯಿಂಟ್, ಏಳರಲ್ಲೊಂದು ಪಾಲು ಸ್ವಿಚ್ ಬದಲಿಸುವಷ್ಟು ಹಣ ಬಜೆಟ್‌ನಲ್ಲಿ ವಿದ್ಯುತ್ ಬಿಲ್ಲಿನ ಹಾಗೆ ಖಾಯಂ ಇರಲಿ. ದೊಡ್ಡ ಅನುದಾನ ಬಂದಾಗ ಅದನ್ನು ಪೈಪು, ಫೈಬರ್, ಅರ್ಥಿಂಗ್‌ಗೆ ಹಾಕಿ. ಇವತ್ತು ನಾನು ಹೇಳಬೇಕೆಂದಿರುವುದು ಮುಖ್ಯವಾಗಿ ಇಷ್ಟೇ. ಉಳಿದದ್ದು ಏಕೆ, ಹೇಗೆ ಎಂಬುದರ ವಿವರ.

"ನೆಟ್ ಸ್ಲೋ ಇದೆ" ಎಂಬ ದೂರು ಬಂದ ಕೂಡಲೇ ಎಲ್ಲರೂ ಹೇಳುವುದು ಬ್ಯಾಂಡ್‌ವಿಡ್ತ್ ಹೆಚ್ಚಿಸಿ ಅಂತ. ರಾಷ್ಟ್ರೀಯ ಜ್ಞಾನ ಜಾಲಕ್ಕೆ ಕೇಂದ್ರ ಸರ್ಕಾರ 2010ರಲ್ಲಿ ಒಪ್ಪಿಗೆ ಕೊಟ್ಟ ಮೇಲೆ ಎಷ್ಟೋ ವಿಶ್ವವಿದ್ಯಾಲಯಗಳ ಬಾಗಿಲಿಗೆ ಸೆಕೆಂಡಿಗೆ 1 ಗಿಗಾಬಿಟ್ ಸಂಪರ್ಕ ಬಂದು ನಿಂತಿತು. ಬಾಗಿಲಿನಿಂದ ಒಳಗೆ? ರ‍್ಯಾಕ್ ತೆರೆದು ನೋಡಿ. ಕಿತ್ತಳೆ ಬಣ್ಣದ ಹಳೆಯ ಮಲ್ಟಿಮೋಡ್ (ಹತ್ತಿರದ ದೂರಕ್ಕಷ್ಟೇ ಆಗುವ ದಪ್ಪ ಎಳೆಯ) ಫೈಬರ್, 62.5 ಮೈಕ್ರಾನ್‌ನದು, ಇನ್ನೂ ಎಷ್ಟೋ ಕಡೆ ಇದೆ. ಅದರಲ್ಲಿ 10 ಗಿಗಾಬಿಟ್‌ನ ಸಾಮಾನ್ಯ ಮಾಡ್ಯೂಲ್ (ಫೈಬರ್ ತುದಿಯಲ್ಲಿ ಬೆಳಕು ಕಳಿಸಿ ಪಡೆಯುವ ಬಿಡಿಭಾಗ) 33 ಮೀಟರ್ ದಾಟುವುದಿಲ್ಲ. ಗ್ರಂಥಾಲಯದಿಂದ ಹಾಸ್ಟೆಲ್‌ಗೆ 33 ಮೀಟರ್ ಇರುವ ಕ್ಯಾಂಪಸ್ ನಾನು ನೋಡಿಲ್ಲ. ಹಳದಿ ಬಣ್ಣದ ಸಿಂಗಲ್‌ಮೋಡ್‌ನಲ್ಲಿ ಅದೇ ವೇಗ 10 ಕಿಲೋಮೀಟರ್ ಹೋಗುತ್ತದೆ. ನಾಳೆ 100 ಗಿಗಾಬಿಟ್ ಬೇಕೆಂದರೂ ಗಾಜು ಅದೇ, ಎರಡು ತುದಿಯ ಮಾಡ್ಯೂಲ್ ಮಾತ್ರ ಬೇರೆ. ಕಟ್ಟಡದಿಂದ ಕಟ್ಟಡಕ್ಕೆ ಇನ್ನು ಮುಂದೆ ಸಿಂಗಲ್‌ಮೋಡ್ ಬಿಟ್ಟು ಬೇರೇನನ್ನೂ ಹಾಕಬೇಡಿ. ಇವತ್ತು ಎರಡು ಎಳೆ ಸಾಕೆನಿಸಿದರೂ 24 ಎಳೆಯ ಕೇಬಲ್ಲನ್ನೇ ಹೂಳಿ. ಖರ್ಚಿನ ದೊಡ್ಡ ಪಾಲು ಹೋಗುವುದು ಅಗೆಯುವುದಕ್ಕೆ, ಗಾಜಿಗಲ್ಲ.

ನಮ್ಮ ಕಡೆಯ ಹವಾಮಾನಕ್ಕೂ ಇದಕ್ಕೂ ಸಂಬಂಧವಿದೆ. ಏಪ್ರಿಲ್, ಮೇ ತಿಂಗಳ ಸಂಜೆ ಗುಡುಗು, ಸಿಡಿಲು ಶುರುವಾದರೆ ಕಟ್ಟಡಗಳ ನಡುವೆ ತಾಮ್ರದ ಕೇಬಲ್ ಎಳೆದವರ ಎದೆ ಹೊಡೆದುಕೊಳ್ಳುತ್ತದೆ. ಹತ್ತಿರದಲ್ಲಿ ಸಿಡಿಲು ಬಿದ್ದಾಗ ಎರಡು ಕಟ್ಟಡಗಳ ನೆಲದ ವೋಲ್ಟೇಜ್ ಒಂದೇ ಇರುವುದಿಲ್ಲ. ಆ ವ್ಯತ್ಯಾಸ ತಾಮ್ರದ ಮೂಲಕ ಹರಿದು ಎರಡೂ ತುದಿಯ ಸ್ವಿಚ್ ಸುಡುತ್ತದೆ. ಗಾಜಿನಲ್ಲಿ ವಿದ್ಯುತ್ ಹರಿಯುವುದಿಲ್ಲ. ಆದರೆ ಹೆಗ್ಗಣ ಕಡಿಯದಿರಲಿ ಎಂದು ನಾವು ಉಕ್ಕಿನ ಕವಚದ ಫೈಬರ್ ಹಾಕುತ್ತೇವಲ್ಲ, ಆ ಕವಚದಲ್ಲಿ ಹರಿಯುತ್ತದೆ. ಕಟ್ಟಡದ ಒಳಗೆ ಬರುವ ಜಾಗದಲ್ಲೇ ಅದನ್ನು ಅರ್ಥಿಂಗ್‌ಗೆ ಸೇರಿಸಬೇಕು. ಟೆಂಡರ್‌ನಲ್ಲಿ ಈ ಒಂದು ಸಾಲು ಬಿಟ್ಟುಹೋದರೆ ಗುತ್ತಿಗೆದಾರರು ತಾವಾಗಿ ಮಾಡುವುದಿಲ್ಲ.

ಫೈಬರ್ ತುಂಡಾದರೆ ಏನಾಗುತ್ತದೆ ನೋಡಿ. ಪೈಪ್‌ಲೈನ್‌ಗೆ ಜೆಸಿಬಿ ಅಗೆದಿದೆ, ಒಂದು ಬ್ಲಾಕ್‌ಗೆ ನೆಟ್ ಇಲ್ಲ. ಓಟಿಡಿಆರ್ ಯಂತ್ರ ಹಚ್ಚಿದರೆ ಪರದೆಯ ಮೇಲೆ ಗೆರೆ ಸಮನಾಗಿ ಸಾಗಿ 412 ಮೀಟರ್‌ನಲ್ಲಿ ತಟ್ಟನೆ ಬೀಳುತ್ತದೆ. ಬೆಳಕು ಹೋಗಿ ಮರಳಿದ ಸಮಯದಿಂದ ಅದು ದೂರ ಲೆಕ್ಕ ಹಾಕಿರುತ್ತದೆ. ಈಗ ಆ 412 ಮೀಟರ್ ನೆಲದ ಮೇಲೆ ಎಲ್ಲಿ ಬರುತ್ತದೆ? ಕೇಬಲ್ ರಸ್ತೆಯ ಎಡಕ್ಕೋ ಬಲಕ್ಕೋ, ಚೇಂಬರ್‌ನಲ್ಲಿ ಎಷ್ಟು ಮೀಟರ್ ಸುತ್ತಿ ಇಟ್ಟಿದ್ದಾರೆ, ಇದೆಲ್ಲ ನಕ್ಷೆಯಲ್ಲಿದ್ದರೆ ಮಧ್ಯಾಹ್ನದೊಳಗೆ ಸ್ಪ್ಲೈಸಿಂಗ್ (ತುಂಡಾದ ಎಳೆ ಬೆಸೆಯುವ ಕೆಲಸ) ಮುಗಿಯುತ್ತದೆ. ಇಲ್ಲದಿದ್ದರೆ ಗುದ್ದಲಿ ಹಿಡಿದು ಎರಡು ದಿನ ಹುಡುಕಬೇಕು. ನಕ್ಷೆ ಗುತ್ತಿಗೆದಾರರ ಲ್ಯಾಪ್‌ಟಾಪ್‌ನಲ್ಲಿ ಇದ್ದರೆ ಇಲ್ಲದಂತೆಯೇ ಲೆಕ್ಕ. ಕೊನೆಯ ಕಂತಿನ ಹಣ ಕೊಡುವ ಮೊದಲು ಹಾಕಿದ ಪ್ರಕಾರದ ನಕ್ಷೆ, ಪ್ರತಿ ಎಳೆಯ ಓಟಿಡಿಆರ್ ವರದಿ, ಎರಡೂ ತುದಿಗೆ ಅಳಿಸದ ಲೇಬಲ್, ಮೂರನ್ನೂ ಕೇಳಿ ತೆಗೆದುಕೊಳ್ಳಿ. ಪ್ರಾಂಶುಪಾಲರೇ, ಇದು ನಿಮ್ಮ ಸಹಿಯ ಕೈಯಲ್ಲಿದೆ.

ಇನ್ನು ನೆಟ್‌ವರ್ಕ್ ವಿಂಗಡಿಸುವ ವಿಷಯ. ಹಾಸ್ಟೆಲ್‌ನ ಹುಡುಗನೊಬ್ಬ ಮನೆಯಿಂದ ರೂಟರ್ ತಂದು ಗೋಡೆಯ ಪಾಯಿಂಟ್‌ಗೆ ಚುಚ್ಚುತ್ತಾನೆ. ತಂತಿಯನ್ನು ಹೊರಗಿನ ಸಂಪರ್ಕಕ್ಕಿರುವ ವ್ಯಾನ್ ಪೋರ್ಟ್‌ಗೆ ಹಾಕುವ ಬದಲು ಒಳಗಿನ ಸಾಧನಗಳಿಗಿರುವ ಲ್ಯಾನ್ ಪೋರ್ಟ್‌ಗೆ ಹಾಕಿರುತ್ತಾನೆ. ಅವನ ರೂಟರ್ ತಾನೇ ಎಲ್ಲರಿಗೂ 192.168.1 ಎಂದು ಶುರುವಾಗುವ ವಿಳಾಸ ಹಂಚತೊಡಗುತ್ತದೆ. ಅರ್ಧ ಹಾಸ್ಟೆಲ್‌ಗೆ ವೈಫೈ ಗುರುತು ಪೂರ್ತಿ ಕಾಣುತ್ತದೆ, ಪುಟ ಮಾತ್ರ ತೆರೆಯುವುದಿಲ್ಲ. ಹುಡುಗನ ತಪ್ಪೇನಿಲ್ಲ, ಅವನಿಗೆ ಓದಲು ನೆಟ್ ಬೇಕಿತ್ತು. ಡಿಎಚ್‌ಸಿಪಿ ಸ್ನೂಪಿಂಗ್ ಎಂಬ, ಇಂಥ ಪರಕೀಯ ವಿಳಾಸ ಹಂಚಿಕೆಯನ್ನು ತಡೆಯುವ ಸೌಲಭ್ಯ ನಾವು ಕೊಂಡ ಹೆಚ್ಚಿನ ಮ್ಯಾನೇಜ್ಡ್ ಸ್ವಿಚ್‌ಗಳಲ್ಲಿ ಇರುತ್ತದೆ. ಅದನ್ನು ಚಾಲೂ ಮಾಡಿದ್ದರೆ ಇದು ಆಗುತ್ತಲೇ ಇರಲಿಲ್ಲ. ಇಂಥ ಗೊಂದಲ ಒಂದು ಮಹಡಿ ದಾಟದಂತೆ ವಿಎಲ್ಯಾನ್ (ಅದೇ ಸ್ವಿಚ್‌ಗಳ ಮೇಲೆ ಬೇರೆ ಬೇರೆ ನೆಟ್‌ವರ್ಕ್) ಮಾಡಿ, ರೂಟಿಂಗ್ ಮೂಲಕ ಒಂದರಿಂದೊಂದನ್ನು ಬೇರ್ಪಡಿಸಬೇಕು. ಸಣ್ಣದಾಗಿ ಶುರುವಾಗಿ ಸ್ವಿಚ್‌ಗೆ ಸ್ವಿಚ್ ಸೇರಿಸುತ್ತ ಬೆಳೆದ ನೆಟ್‌ವರ್ಕ್ ಎಲ್ಲಿಗೆ ಮುಟ್ಟಬಹುದು ಎಂಬುದಕ್ಕೆ ಬಾಸ್ಟನ್‌ನ ಬೆತ್ ಇಸ್ರೇಲ್ ಡೀಕನೆಸ್ ಆಸ್ಪತ್ರೆಯ ಉದಾಹರಣೆ ಇದೆ. 2002ರ ನವೆಂಬರ್‌ನಲ್ಲಿ ಅದರ ನೆಟ್‌ವರ್ಕ್ ಲೂಪ್‌ನ (ಮಾಹಿತಿ ಸ್ವಿಚ್‌ಗಳ ನಡುವೆ ಸುತ್ತುತ್ತಲೇ ಇರುವ) ಸಮಸ್ಯೆಗೆ ಸಿಕ್ಕಿ ನಾಲ್ಕು ದಿನ ನೆಲಕಚ್ಚಿತು. ವೈದ್ಯರು ಕಾಗದ, ಪೆನ್ನು ಹಿಡಿದು ಕೆಲಸ ಮಾಡಿದರು. ಅದು ಹಾರ್ವರ್ಡ್‌ನ ಬೋಧನಾ ಆಸ್ಪತ್ರೆ. ಹಣ, ಪರಿಣತಿ ಎರಡಕ್ಕೂ ಅಲ್ಲಿ ಕೊರತೆ ಇರಲಿಲ್ಲ.

ವೈಫೈ ಬಗ್ಗೆ ಎರಡೇ ಮಾತು. ಕಾರಿಡಾರ್‌ನಲ್ಲಿ ಸಾಲಾಗಿ ಪೆಟ್ಟಿಗೆ ತೂಗುಹಾಕಬೇಡಿ. ಅಲ್ಲಿ ಅವು ಒಂದಕ್ಕೊಂದು ಚೆನ್ನಾಗಿ ಕೇಳಿಸಿಕೊಳ್ಳುತ್ತವೆ, ಗೋಡೆಯಾಚೆ ಕೂತ ವಿದ್ಯಾರ್ಥಿಗೆ ಕೇಳಿಸುವುದಿಲ್ಲ. ತರಗತಿಯ ಒಳಗೇ ಹಾಕಿ. ಮತ್ತೆ, ಪಿಒಇ (ನೆಟ್ ತಂತಿಯಲ್ಲೇ ವಿದ್ಯುತ್ ಕೂಡ ಕೊಡುವ) ಸ್ವಿಚ್ ಕೊಳ್ಳುವಾಗ ಪೋರ್ಟ್ ಎಣಿಸಿದರೆ ಸಾಲದು, ವ್ಯಾಟ್ ಕೂಡಿಸಿ. 24 ಪೋರ್ಟ್‌ಗೆ ತಲಾ 30 ವ್ಯಾಟ್ ಎಂದರೆ 720. ಅಗ್ಗದ ಮಾದರಿ ಒಟ್ಟು 370 ಕೊಟ್ಟು ಕೈಚೆಲ್ಲುತ್ತದೆ. ಗೋಡೆಯೊಳಗಿನ ಕ್ಯಾಟ್ 5ಇ ತಂತಿ ಚೆನ್ನಾಗಿದ್ದರೆ ಕೀಳಬೇಡಿ. 2016ರ ಮಾನದಂಡದ ಪ್ರಕಾರ ಅದರಲ್ಲೇ 2.5 ಗಿಗಾಬಿಟ್ 100 ಮೀಟರ್‌ವರೆಗೆ ಹೋಗುತ್ತದೆ.

ಯಾರು ಬಳಸುತ್ತಿದ್ದಾರೆ ಎಂಬುದನ್ನು ಫೋನಿನ ಮ್ಯಾಕ್ ವಿಳಾಸ (ಸಾಧನದ ಗುರುತಿನ ಸಂಖ್ಯೆ) ಬರೆದಿಟ್ಟುಕೊಂಡು ತಿಳಿಯುವ ಕಾಲ ಮುಗಿಯಿತು. ಆಂಡ್ರಾಯ್ಡ್ 10, ಐಓಎಸ್ 14 ಬಂದಾಗಿನಿಂದ ಫೋನ್‌ಗಳು ಆ ವಿಳಾಸವನ್ನೇ ಮರೆಮಾಚುತ್ತವೆ. ಪ್ರತಿ ವಿದ್ಯಾರ್ಥಿಗೂ ಪ್ರವೇಶದ ದಿನವೇ ಒಂದು ಲಾಗಿನ್ ಕೊಡಿ. ಅದನ್ನೇ ಎಜುರೋಮ್‌ಗೆ ಜೋಡಿಸಿದರೆ ನಮ್ಮ ವಿದ್ಯಾರ್ಥಿ ಆ ವ್ಯವಸ್ಥೆ ಇರುವ ಬೇರೆ ಕ್ಯಾಂಪಸ್‌ಗೆ ಹೋದಾಗಲೂ ಅದೇ ಪಾಸ್‌ವರ್ಡ್ ನಡೆಯುತ್ತದೆ. ಭಾರತದಲ್ಲಿ ಇದನ್ನು ಶಿಕ್ಷಣ, ಸಂಶೋಧನಾ ಜಾಲದ ಸಂಸ್ಥೆ ಅರ್ನೆಟ್ ನೋಡಿಕೊಳ್ಳುತ್ತದೆ. ಸರ್ಟ್‌-ಇನ್ (ಕೇಂದ್ರದ ಸೈಬರ್ ಭದ್ರತಾ ಸಂಸ್ಥೆ) 2022ರ ಏಪ್ರಿಲ್‌ನಲ್ಲಿ ಹೊರಡಿಸಿದ ನಿರ್ದೇಶನದಂತೆ ಲಾಗ್‌ಗಳನ್ನು (ಬಳಕೆಯ ದಾಖಲೆ) 180 ದಿನ ಇಟ್ಟುಕೊಳ್ಳಬೇಕು, ಸೈಬರ್ ದಾಳಿಯಾದರೆ 6 ಗಂಟೆಯೊಳಗೆ ತಿಳಿಸಬೇಕು. ಒಂದೇ ಪಾಸ್‌ವರ್ಡನ್ನು ನೋಟಿಸ್ ಬೋರ್ಡಿಗೆ ಅಂಟಿಸಿದ ಕಾಲೇಜಿನಲ್ಲಿ ಆ ಲಾಗ್‌ನಿಂದ ಯಾರನ್ನೂ ಗುರುತಿಸಲಾಗದು.

ಇದೇ ಹಾಸನದಲ್ಲಿ ಇಸ್ರೋದ ಎಂಸಿಎಫ್, ಅಂದರೆ ಉಪಗ್ರಹಗಳನ್ನು ನಿಯಂತ್ರಿಸುವ ಕೇಂದ್ರ, 1982ರಿಂದ ಇದೆ. 36 ಸಾವಿರ ಕಿಲೋಮೀಟರ್ ಎತ್ತರದ ಉಪಗ್ರಹವನ್ನು ಯಾರೂ ಹೋಗಿ ಮುಟ್ಟಿ ನೋಡಲಾರರು. ಉಷ್ಣಾಂಶ, ಬ್ಯಾಟರಿ, ದಿಕ್ಕು ಎಲ್ಲವನ್ನೂ ಅದು ಕಳಿಸುವ ಅಂಕಿಗಳಿಂದಲೇ ಹಗಲೂ ರಾತ್ರಿ ಗಮನಿಸುತ್ತಾರೆ. ನಮ್ಮ ಸ್ವಿಚ್‌ಗಳೂ ಇಂಥ ಅಂಕಿ ಕೊಡುತ್ತವೆ, ಕೇಳುವವರು ಬೇಕು. ಆ ಅಂಕಿ ಸಂಗ್ರಹಿಸಿ ತೋರಿಸುವ ಸಾಫ್ಟ್‌ವೇರ್‌ಗಳಾದ ಜಬ್ಬಿಕ್ಸ್, ಲಿಬ್ರೆಎನ್‌ಎಂಎಸ್ ಉಚಿತವಾಗಿ ಸಿಗುತ್ತವೆ, ಒಂದು ಹಳೆಯ ಸರ್ವರ್ ಸಾಕು. ಫೈಬರ್‌ನ ಬೆಳಕು ವಾರದಿಂದ ವಾರಕ್ಕೆ ಕುಂದುತ್ತಿರುವುದು ಗ್ರಾಫ್‌ನಲ್ಲಿ ಕಂಡರೆ, ನೆಟ್ ಹೋಗುವ ಮೊದಲೇ ಹೋಗಿ ಕನೆಕ್ಟರ್ ಒರೆಸಿ ಬರಬಹುದು.

ಈ ಕೆಲಸಕ್ಕೆ ಜನ ಬೇಕು, ಖಾಯಂ ಜನ. ಹೊರಗುತ್ತಿಗೆಯ ಹುಡುಗರು ಚೆನ್ನಾಗಿ ಕಲಿಯುತ್ತಾರೆ, ಒಳ್ಳೆಯ ಸಂಬಳ ಸಿಕ್ಕ ದಿನ ಬೆಂಗಳೂರಿಗೆ ಹೋಗುತ್ತಾರೆ, ಹೋಗಲೂಬೇಕು. ಅವರೊಂದಿಗೆ ನಕ್ಷೆ, ಪಾಸ್‌ವರ್ಡ್, ಯಾವ ಬ್ಲಾಕ್‌ನ ಬ್ಯಾಟರಿ ಯಾವಾಗ ಬದಲಿಸಿದ್ದು ಎಂಬ ನೆನಪು ಎಲ್ಲವೂ ಹೋಗುವಂತೆ ನಾವು ಇಟ್ಟುಕೊಂಡಿದ್ದೇವಲ್ಲ, ಅದು ನನಗೆ ನಿಜಕ್ಕೂ ನೋವು ಕೊಡುತ್ತದೆ. ಒಂದಾದರೂ ಖಾಯಂ ಹುದ್ದೆಗೆ ಪಟ್ಟು ಹಿಡಿಯಿರಿ.

ಕೊನೆಗೆ ಒಂದು ಪ್ರಸ್ತಾಪ. ಹೇಮಗಂಗೋತ್ರಿ ಮೈಸೂರು ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರವಾಗಿದ್ದು, 2023ರಲ್ಲಿ ಹಾಸನ ವಿಶ್ವವಿದ್ಯಾಲಯವಾಯಿತು. ಮಲೆನಾಡು ಎಂಜಿನಿಯರಿಂಗ್ ಕಾಲೇಜು 1960ರಿಂದ ಇದೆ. ಸುತ್ತಲೂ ಸಣ್ಣ, ದೊಡ್ಡ ಕಾಲೇಜುಗಳು ಎಷ್ಟೋ ಇವೆ. ಓಟಿಡಿಆರ್, ಸ್ಪ್ಲೈಸಿಂಗ್ ಯಂತ್ರ ದುಬಾರಿ, ವರ್ಷದಲ್ಲಿ ಕೆಲವೇ ದಿನ ಬೇಕಾಗುವಂಥವು. ಪ್ರತಿ ಕಾಲೇಜೂ ಕೊಳ್ಳುವ ಬದಲು ಎರಡು ಜಿಲ್ಲೆಗೆ ಒಂದು ಜೊತೆ ಇಟ್ಟುಕೊಂಡು, ನಮ್ಮಲ್ಲೇ ನಾಲ್ಕೈದು ಜನಕ್ಕೆ ತರಬೇತಿ ಕೊಡಿಸೋಣ. ಈಗಾಗಲೇ ಯಾರ ಕಾಲೇಜಿನಲ್ಲಿ ಈ ಯಂತ್ರಗಳಿವೆ, ಕೈ ಎತ್ತಿ. ಪ್ರಶ್ನೋತ್ತರವನ್ನು ಅಲ್ಲಿಂದಲೇ ಶುರು ಮಾಡೋಣ.