ನಡುವೆ ಮೂರಡಿ ಬಿಟ್ಟು ನಿಲ್ಲುವವರು

ಹಿಂದಿನ ಸಾಲಿಗೆ ಕೇಳಿಸುತ್ತಿದೆಯಾ? ಸರಿ. ನೀವೆಲ್ಲ ಮಕ್ಕಳ ಜೊತೆ ಶುಕ್ರವಾರ ರಾತ್ರಿ ಹೈಸ್ಕೂಲಿನ ಅಮೆರಿಕನ್ ಫುಟ್‌ಬಾಲ್ ಮ್ಯಾಚಿಗೆ ಹೋಗಿ ಚಳಿಯಲ್ಲಿ ನಡುಗಿದವರೇ. ಚೆಂಡನ್ನು ಹಿಂದಕ್ಕೆ ಕೊಟ್ಟು ಆಟ ಶುರುಮಾಡುವುದೇ ಸ್ನ್ಯಾಪ್, ಮುಂದಿನ ಐವರ ಲೈನ್‌ನಲ್ಲಿ ನಡುವೆ ಸೆಂಟರ್, ಅವನ ಅಕ್ಕಪಕ್ಕ ಗಾರ್ಡ್, ತುದಿಗಳಲ್ಲಿ ಟ್ಯಾಕಲ್ ಅಂತ ನಾನು ಹೇಳಬೇಕಾಗಿಲ್ಲ.

ಈ ಮಾತಿಗೆ ಕಾರಣ ನನ್ನ ಒಬ್ಬ ಗೆಳೆಯ. ಅಲ್ಲೇ ಕೂತು ನಗುತ್ತಿದ್ದಾನೆ. ಅಮೆರಿಕದ ಸೇನಾ ಅಕಾಡೆಮಿಯ ಆರ್ಮಿ ತಂಡದ ಮ್ಯಾಚ್ ನೋಡುತ್ತಾ ಕೇಳಿದ, 'ಲೈನ್‌ನವರು ಇಷ್ಟು ದೂರ ದೂರ ನಿಂತರೆ ಯಾರು ಬೇಕಾದರೂ ಒಳಗೆ ನುಗ್ಗುತ್ತಾರಲ್ಲ, ಬುದ್ಧಿ ಇಲ್ವಾ ಇವರಿಗೆ?' ತಪ್ಪು ಅವನದಲ್ಲ. ನಾವು ಬಸ್ ಸ್ಟ್ಯಾಂಡಿನ ಸಾಲಿನಲ್ಲಿ ಬೆಳೆದವರು. ನಡುವೆ ಒಂದಡಿ ಜಾಗ ಬಿಟ್ಟರೆ ಅಲ್ಲಿ ಇನ್ನೊಬ್ಬ ಬಂದು ನಿಂತಿರುತ್ತಾನೆ.

ಆದರೆ ಆಪ್ಷನ್ ಆಟಕ್ಕೆ, ಅಂದರೆ ಸ್ನ್ಯಾಪ್ ಹಿಡಿದ ಕ್ವಾರ್ಟರ್‌ಬ್ಯಾಕ್ ಎದುರಾಳಿ ಏನು ಮಾಡುತ್ತಾನೆ ನೋಡಿ ಚೆಂಡು ಯಾರಿಗೆ ಅಂತ ಆಗಲೇ ತೀರ್ಮಾನಿಸುವ ಆಟಕ್ಕೆ, ಬೇಕಾಗಿರುವುದೇ ಅದು. ಬರಲಿ, ನಿಲ್ಲಲಿ. ಎಲ್ಲಿ ನಿಲ್ಲಬೇಕು ಅನ್ನುವುದನ್ನು ಎದುರಾಳಿ ಸ್ನ್ಯಾಪಿಗೆ ಮೊದಲೇ ಆರಿಸಬೇಕು. ಈ ಒಂದು ಮಾತನ್ನು ಇವತ್ತು ಹತ್ತು ಸಲ ಹೇಳುತ್ತೇನೆ, ಬೇಜಾರಾಗಬೇಡಿ.

ಕಥೆ ಶುರುವಾಗುವುದು ಮಿಸ್ಸೌರಿ ವಿಶ್ವವಿದ್ಯಾಲಯದಲ್ಲಿ. ಕೋಚ್ ಡಾನ್ ಫಾರೊ. 1940ರ ಸೀಸನ್ ಮುಗಿಯಿತು, ಪಾಲ್ ಕ್ರಿಸ್ಟ್‌ಮನ್ ಎಂಬ ದೊಡ್ಡ ಎಸೆತಗಾರ ಕಾಲೇಜು ಮುಗಿಸಿ ಹೊರಟ. ಮುಂದೇನು? ಫಾರೊ ಹುಡುಗನಾಗಿದ್ದಾಗ ಬಾಸ್ಕೆಟ್‌ಬಾಲ್ ಕೂಡ ಆಡಿದವನು. ಅಲ್ಲಿ ಇಬ್ಬರು ಚೆಂಡು ಹಿಡಿದು ಓಡಿ ಬರುತ್ತಾರೆ, ತಡೆಯಲು ಇರುವುದು ಒಬ್ಬನೇ. ಆ ಒಬ್ಬ ಚೆಂಡಿದ್ದವನ ಮೇಲೆ ಬಿದ್ದರೆ ಪಕ್ಕದವನಿಗೆ ಪಾಸ್, ಪಕ್ಕದವನ ಕಡೆ ಹೋದರೆ ತಾನೇ ನುಗ್ಗುವುದು. ಅವನಿಗೆ ಅತ್ತ ದರಿ, ಇತ್ತ ಪುಲಿ. ಇದನ್ನೇ ಫುಟ್‌ಬಾಲ್‌ನಲ್ಲಿ ಮಾಡಿದರೆ ಹೇಗೆ ಅಂದುಕೊಂಡ. 1941ರಲ್ಲಿ ಸ್ಪ್ಲಿಟ್-ಟಿ ಬಂತು. ಹೆಸರಿನಲ್ಲೇ ಇದೆ ನೋಡಿ, ಸ್ಪ್ಲಿಟ್. ಲೈನ್‌ನವರನ್ನು ಬಿಡಿಬಿಡಿಯಾಗಿ ನಿಲ್ಲಿಸಿದ, ಒಬ್ಬ ಎದುರಾಳಿಯನ್ನು ಬೇಕೆಂದೇ ಯಾರೂ ತಡೆಯದೆ ಬಿಟ್ಟ. ಮಜಾ ಏನಂದರೆ, ಯುದ್ಧದ ಕಾಲದಲ್ಲಿ ಅಯೋವಾದ ನೌಕಾದಳ ತರಬೇತಿ ಶಿಬಿರದಲ್ಲಿ ಇವನ ಕೈಕೆಳಗೆ ಕೆಲಸ ಕಲಿತ ಬಡ್ ವಿಲ್ಕಿನ್ಸನ್ ಮುಂದೆ ಒಕ್ಲಹೋಮಾದಲ್ಲಿ ಇದೇ ಆಟ ಇಟ್ಟುಕೊಂಡು 1953ರಿಂದ 1957ರವರೆಗೆ ಸತತ 47 ಪಂದ್ಯ ಗೆದ್ದ. ಗುರುವಿನ ತಂಡವನ್ನೂ ಬಿಡಲಿಲ್ಲ!

ಈಗ ಬೋರ್ಡ್ ನೋಡಿ. ಐದು ಜನ, ನಡುವೆ ನಾಲ್ಕು ಸಂದು. ಒಂದೊಂದರಲ್ಲಿ ಒಂದೂವರೆ ಅಡಿ ಇದ್ದದ್ದನ್ನು ಮೂರೂವರೆ ಮಾಡಿದೆ ಅಂದುಕೊಳ್ಳಿ. ಒಟ್ಟು ಎಂಟಡಿ ಅಗಲವಾಯಿತು, ಪ್ರತಿ ಟ್ಯಾಕಲ್ ನಾಲ್ಕಡಿ ಹೊರಗೆ ಹೋದ. ನಾಲ್ಕಡಿ ಏನು ಮಹಾ ಅಂತೀರಾ? ತಡೆಯದೆ ಬಿಟ್ಟ ಆ ಒಬ್ಬ ಮೊದಲು ಕ್ವಾರ್ಟರ್‌ಬ್ಯಾಕ್ ಹಿಂದಿನಿಂದ ಒಳಗೆ ನುಗ್ಗುವ ಓಟಗಾರ ಫುಲ್‌ಬ್ಯಾಕ್ ಮೇಲೆ ಕೈ ಹಾಕಿ, ಚೆಂಡು ಅವನ ಹತ್ತಿರ ಇಲ್ಲ ಅಂತ ಗೊತ್ತಾದರೆ ತಿರುಗಿ ಕ್ವಾರ್ಟರ್‌ಬ್ಯಾಕ್‌ನನ್ನೂ ಹಿಡಿಯಬಹುದಿತ್ತು. ಈಗ ಎರಡೂ ಕೆಲಸ ಒಬ್ಬನ ಕೈಲಿ ಆಗುವುದಿಲ್ಲ. ಟ್ಯಾಕಲ್ ಜೊತೆ ಅವನೂ ಹೊರಗೆ ಸರಿದರೆ ಒಳಗೆ ಬಾಗಿಲು ತೆರೆದಿದೆ, ಫುಲ್‌ಬ್ಯಾಕ್ ಕಣ್ಣು ಮಿಟುಕಿಸುವಷ್ಟರಲ್ಲಿ ಅಲ್ಲಿರುತ್ತಾನೆ. ಸರಿಯದೆ ಒಳಗೇ ನಿಂತರೆ ಹೊರಗಿನ ಬಯಲೆಲ್ಲ ಖಾಲಿ. ಹೇಳಿದೆನಲ್ಲ, ಅವನೇ ಆರಿಸಬೇಕು.

ಇನ್ನೊಂದು ಲಾಭ ಇದೆ. ಒಬ್ಬನನ್ನು ತಡೆಯದೆ ಬಿಟ್ಟಿದ್ದರಿಂದ ನಮ್ಮ ಕಡೆ ಒಬ್ಬ ಜಾಸ್ತಿ ಉಳಿದ. ಅವನು ಎದುರಾಳಿ ಲೈನಿನ ಹಿಂದೆ ನಿಲ್ಲುವ ಲೈನ್‌ಬ್ಯಾಕರ್ ಮೇಲೆ ಹೋಗುತ್ತಾನೆ. ಆರ್ಮಿ, ನೇವಿಯಂಥ ತಂಡಗಳಿಗೆ 150 ಕಿಲೋ ಹುಡುಗರು ಸುಲಭವಾಗಿ ಸಿಗುವುದಿಲ್ಲ, ಅಲ್ವಾ? ಅವರೆಲ್ಲ ನಾಳೆ ಸೈನ್ಯದ ತೂಕಕ್ಕೆ ಇಳಿಯಬೇಕಾದವರು. ದೊಡ್ಡವನನ್ನು ಎದುರಿಂದ ತಳ್ಳಲು ಆಗದವನು ಪಕ್ಕದಿಂದ ತಳ್ಳುತ್ತಾನೆ, ಆ ಪಕ್ಕ ಸಿಗುವುದು ಸಂದು ಅಗಲವಾಗಿದ್ದಾಗಲೇ. 2018ರಲ್ಲಿ ಇದೇ ಒಕ್ಲಹೋಮಾ ಎದುರು ಆರ್ಮಿ 60 ನಿಮಿಷದ ಆಟದಲ್ಲಿ ಸುಮಾರು 45 ನಿಮಿಷ ಚೆಂಡನ್ನು ತನ್ನ ಬಳಿಯೇ ಇಟ್ಟುಕೊಂಡಿತ್ತು. ಸೋತಿದ್ದು ಓವರ್‌ಟೈಮಿನಲ್ಲಿ, 28-21.

ಚೀಟಿ ಬಂತು, ಐದು ನಿಮಿಷವಂತೆ. ಬಿಸಿಬೇಳೆಬಾತ್ ಆರುತ್ತಿದೆ ಅಂತಲೂ ಬರೆದಿದ್ದಾರೆ.

ಹಾಗಾದರೆ ಗೆಳೆಯನ ಪ್ರಶ್ನೆ? ನುಗ್ಗುತ್ತಾರೆ, ನಿಜ. ಅದಕ್ಕೇ ಸೆಂಟರ್ ಮತ್ತು ಗಾರ್ಡ್ ನಡುವೆ ಸ್ವಲ್ಪ ಕಡಿಮೆ ಜಾಗ ಬಿಡುತ್ತಾರೆ, ಅಲ್ಲಿಂದ ನುಗ್ಗಿದವನು ನೇರ ಕ್ವಾರ್ಟರ್‌ಬ್ಯಾಕ್ ಎದೆಗೇ ಬರುತ್ತಾನೆ. ಯಾರೋ ನುಗ್ಗುವ ಹಾಗೆ ಕಂಡರೆ ಸಂದು ಕಿರಿದು ಮಾಡುತ್ತಾರೆ. ಆಪ್ಷನ್ ಆಟದ ಒಂದು ಬಗೆಯಾದ ಫ್ಲೆಕ್ಸ್‌ಬೋನ್ ಆಡುವವರಂತೂ ಲೈನನ್ನು ನಿಯಮ ಬಿಡುವಷ್ಟು ಹಿಂದೆ ನಿಲ್ಲಿಸುತ್ತಾರೆ, ನುಗ್ಗುವವನನ್ನು ನೋಡಿ ತಡೆಯಲು ಒಂದು ಹೆಜ್ಜೆ ಜಾಸ್ತಿ ಸಿಗಲಿ ಅಂತ.

ಇದೇ ಆಟದ ಇನ್ನೆರಡು ಬಗೆ, ಕೋಚ್ ಬಿಲ್ ಯೋಮನ್‌ನ ವೀರ್, ಕೋಚ್ ಎಮೊರಿ ಬೆಲ್ಲಾರ್ಡ್‌ನ ವಿಶ್‌ಬೋನ್ ಬಗ್ಗೆ ನಾಲ್ಕು ಹಾಳೆ ಬರೆದುಕೊಂಡು ಬಂದಿದ್ದೆ. ಬಿಡಿ. ಮೈಕ್ ಲೀಚ್ ಎಂಬ ಕೋಚ್ ಇಷ್ಟೇ ಅಗಲದ ಸಂದನ್ನು ಓಡುವುದಕ್ಕಲ್ಲ, ಪಾಸ್ ಮಾಡುವುದಕ್ಕೆ ಬಳಸಿದ. ಅದು ಹೇಗೆ ಅಂತ ಊಟ ಮಾಡುತ್ತಾ ಹೇಳುತ್ತೇನೆ. ಬೋರ್ಡ್ ಮಾತ್ರ ಅಳಿಸಬೇಡಿ.